ಹತ್ತಿ ತುಳಿದ ದಿನ

ಆ ವರ್ಷ ನಮ್ಮ ಮನೆಯಲ್ಲಿ ನೆಟ್ಟಗೆ ನಡೆಯುವವರಿಗಿಂತ ತೆವಳುವವರು, ಎಡವುವವರು, ಹಾಲು ಕಂಡರೆ ಬಾಯಿ ಬಿಡುವವರೇ ಹೆಚ್ಚಾಗಿದ್ದರು. ಮಗನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಂಬೆಗಾಲಿಕ್ಕುತ್ತ ಮನೆಯ ನೆಲವನ್ನೆಲ್ಲ ಹೊಟ್ಟೆಯಿಂದಲೇ ಒರೆಸುತ್ತಿದ್ದ. ಕೊಟ್ಟಿಗೆಯಲ್ಲಿ ಎಮ್ಮೆ ಈದಿತ್ತು; ಅದರ ಕರು ಹಗ್ಗ ಬಿಚ್ಚಿದ ಕೂಡಲೇ ಅಡುಗೆಮನೆಗೇ ನುಗ್ಗುತ್ತಿತ್ತು. ಸಾಲದ್ದಕ್ಕೆ ಬಸುರಿ ಬೆಕ್ಕು ಬೇರೆ. ಇವರೆಲ್ಲರ ಮೇಲೆ ಯಜಮಾನಿಕೆ ಐದು ವರ್ಷದ ನನ್ನ ಮಗಳದು. ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡರೆ ಅವನ ಕಾಲುಗಳು ಅವಳ ಮೊಣಕಾಲು ದಾಟಿ ಜೋತಾಡುತ್ತಿದ್ದವು, ಆದರೂ ಕೆಳಗಿಳಿಸುತ್ತಿರಲಿಲ್ಲ. ಕರುವಿಗೆ ಬೈಯುವುದು, ತಮ್ಮನ ಮೂಗು ಒರೆಸುವುದು, ಬೆಕ್ಕಿನ ಬಟ್ಟಲಿಗೆ ಹಾಲು ಹಾಕಿದ್ದಾರೋ ಇಲ್ಲವೋ ನೋಡುವುದು, ಎಲ್ಲವೂ ಅವಳ ಉಸ್ತುವಾರಿಯಲ್ಲೇ ನಡೆಯಬೇಕು. ಇವರ ನಡುವೆ ನಾನು ಬೆಳಗಿನಿಂದ ಸಂಜೆಯವರೆಗೆ ಒದರುತ್ತಿದ್ದೆ. ನನ್ನ ದನಿ ಪಕ್ಕದೂರು ಮೊರಬದ ತನಕ ಕೇಳಿಸುತ್ತದೆ ಎಂದು ಗಂಡ ಹೇಳುತ್ತಿದ್ದರು.

ನಮ್ಮದು ನವಲಗುಂದದ ಅಂಚಿನ ಓಣಿ. ಈ ತುದಿಯಲ್ಲಿ ನಮ್ಮಂಥ ಒಕ್ಕಲುತನದ ಮನೆಗಳು, ಆ ತುದಿಯಲ್ಲಿ ಜಮಖಾನ ನೇಯುವ ಮುಸಲ್ಮಾನರ ಮನೆಗಳು. ಕೊನೆಯ ಮನೆಯ ಮುದುಕಿ ಓಣಿಗೆಲ್ಲ ನಾನಿ. ಅವರ ಮಗ್ಗದ ಸದ್ದಿಗೆ ಮಕ್ಕಳು ಹೋಗಿ ನಿಂತರೆ ಬಣ್ಣದ ನೂಲಿನ ತುಂಡು ಕೊಟ್ಟು ಕಳಿಸುತ್ತಿದ್ದರು. ಬೆಕ್ಕಿಗೆ ಆ ತುದಿ ಈ ತುದಿ ಎಂಬ ಭೇದವಿರಲಿಲ್ಲ. ನಾನಿಯ ಮನೆಯಲ್ಲಿ ಎಲುಬು ಕಡಿದು ಬಂದು ನಮ್ಮ ಮನೆಯಲ್ಲಿ ಹಾಲು ಕುಡಿಯುತ್ತಿತ್ತು. ಲಿಂಗ ಕಟ್ಟಿಕೊಂಡವರ ಮನೆಯೊಳಗೆ ಅದೇ ಬಾಯಲ್ಲಿ ಬರುತ್ತದೆ ನೋಡು ಎಂದು ನಮ್ಮ ಅತ್ತೆ ದಿನಾ ಗೊಣಗುತ್ತಿದ್ದರು. ಗೊಣಗುತ್ತಲೇ ಬಟ್ಟಲು ತೊಳೆದು ಹಾಲು ಹಾಕುವವರೂ ಅವರೇ.

ಬೆಕ್ಕು ಜೋಳದ ಚೀಲಗಳ ಹಿಂದೆ ಮೂರು ಮರಿ ಹಾಕಿತು. ಅದನ್ನು ಮೊದಲು ಕಂಡವಳು ಮಗಳೇ. ಓಡಿ ಬಂದು ನನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಿದಳು; ಜೋರಾಗಿ ಹೇಳಿದರೆ ಮರಿಗಳಿಗೆ ಎಚ್ಚರವಾಗುತ್ತದಂತೆ. ಮುಟ್ಟಬೇಡ, ಮನುಷ್ಯರ ಕೈವಾಸನೆ ಬಂದರೆ ತಾಯಿ ಮರಿ ಬಿಟ್ಟು ಹೋಗುತ್ತದೆ ಎಂದು ಅತ್ತೆ ಹೆದರಿಸಿದರು. ಅಂದಿನಿಂದ ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಚೀಲಗಳ ಮುಂದೆ ಕುಕ್ಕರಗಾಲಲ್ಲಿ ಕೂಡುತ್ತಿದ್ದಳು. ತಮ್ಮ ತೆವಳುತ್ತ ಬಂದು ಬೆಕ್ಕಿನ ಬಾಲಕ್ಕೆ ಕೈಹಾಕಿದರೆ ಅವನ ಮುಷ್ಟಿ ಬಿಡಿಸಿ ಬೆರಳಿಂದ ಸವರುವುದನ್ನು ಕಲಿಸುತ್ತಿದ್ದಳು. ಹಗೂರ, ಹಗೂರ ಎನ್ನುವುದೇ ಅವಳ ಮಂತ್ರವಾಗಿತ್ತು. ಅಂಗನವಾಡಿಯಿಂದ ಬಂದರೆ ಚೀಲ ಎಲ್ಲಿ ಇಟ್ಟಳೋ, ಚಪ್ಪಲಿ ಎಲ್ಲಿ ಬಿಟ್ಟಳೋ, ನೇರ ಜೋಳದ ಚೀಲಗಳ ಹತ್ತಿರ. ಸ್ವಂತ ತಮ್ಮ ಹುಟ್ಟಿದಾಗಲೂ ಇಷ್ಟು ಬೆರಗಾಗಿರಲಿಲ್ಲ ಎಂದು ನಾನು ಕಾಡುತ್ತಿದ್ದೆ.

ಮರಿಗಳು ಕಣ್ಣು ಬಿಟ್ಟು, ಅಲ್ಲಲ್ಲೇ ತೆವಳುವಂತಾದವು. ಒಂದು ಬೆಳಿಗ್ಗೆ ನೋಡಿದರೆ ಚೀಲಗಳ ಹಿಂದೆ ಏನೂ ಇಲ್ಲ. ಮಗಳು ಅಳುತ್ತ ಬಂದಳು. ಅತ್ತೆ ರೊಟ್ಟಿ ಬಡಿಯುತ್ತ ತಲೆಯೆತ್ತದೆಯೇ ಸಮಾಧಾನ ಹೇಳಿದರು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸಿ ತರುತ್ತದೆ, ಅದು ಅದರ ರೂಢಿ. ಆ ಹೊತ್ತಿನಲ್ಲಿ ನಾವು ಹುಡುಕಬಾರದು, ಬೆನ್ನು ಹತ್ತಬಾರದು. ಹುಡುಕಿದರೆ ಇನ್ನೂ ದೂರ ಒಯ್ಯುತ್ತದೆ, ಒಮ್ಮೊಮ್ಮೆ ತಾನೇ ತಿಂದುಬಿಡುತ್ತದೆ. ಶಲವಡಿಯ ನನ್ನ ತವರಿನಲ್ಲೂ ಇದೇ ಮಾತು ಕೇಳಿ ಬೆಳೆದವಳು ನಾನು. ಹಾಗಾಗಿ ನಾನೂ ಹೌದು ಎಂದೆ. ಎಲ್ಲಾದರೂ ಸಂದಿಯಲ್ಲಿ ಕೈಹಾಕಿ ಹುಡುಕುವುದು ಕಂಡರೆ ಬೆನ್ನ ಮೇಲೆ ಬೀಳುತ್ತದೆ ಎಂದು ಗದರಿಸಿದೆ. ಅವಳು ಹೇಳಿದ ಮಾತು ಕೇಳುವ ಮಗು. ಹುಡುಕಲಿಲ್ಲ.

ಹುಡುಕಿದ್ದರೆ ಸಿಗುತ್ತಿದ್ದವು. ಏಳು ಮನೆಯಲ್ಲ, ಏಳು ಮಾರು ಕೂಡ ಹೋಗಿರಲಿಲ್ಲ ಆ ಬೆಕ್ಕು. ಪಡಸಾಲೆಯಲ್ಲಿ ತೊಲೆ ಮುಟ್ಟುವಂತೆ ಒಟ್ಟಿದ್ದ ಹತ್ತಿಯ ಹಿಂದೆ, ಗೋಡೆಯ ಮೂಲೆಯಲ್ಲಿ, ಬೆಚ್ಚಗೆ ಹುಗಿದಿಟ್ಟಿತ್ತು. ಆ ವರ್ಷ ದರ ಬರಲೆಂದು ಬಿಡಿಸಿದ ಹತ್ತಿಯನ್ನು ಮನೆಯಲ್ಲೇ ಇಟ್ಟುಕೊಂಡಿದ್ದೆವು. ಊಟದ ತಾಟಿನಲ್ಲಿ ಹತ್ತಿ, ಹಾಸಿಗೆಯಲ್ಲಿ ಹತ್ತಿ, ಅತ್ತೆಯ ಕೆಮ್ಮಿನಲ್ಲೂ ಹತ್ತಿ. ಅದು ಯಾವಾಗ ಮನೆ ಬಿಟ್ಟು ಹೋದೀತು ಎಂದು ನನಗೆ ಸಾಕಾಗಿ ಹೋಗಿತ್ತು. ಕಡೆಗೆ ಪೇಟೆಯಿಂದ ಫೋನು ಬಂತು. ನಾಳೆ ಟೆಂಪೋ ಕಳಿಸುತ್ತೇವೆ, ಅಂಡಿಗೆ ತುಂಬಿ ಇಡಿರಿ ಎಂದರು.

ಅಂಡಿಗೆ ಎಂದರೆ ಆಳೆತ್ತರದ ಗೋಣಿಚೀಲ. ಅದರ ಬಾಯಿಯನ್ನು ಅಗಲಿಸಿ ಹಗ್ಗದಿಂದ ತೊಲೆಗೆ ಕಟ್ಟುತ್ತಾರೆ. ಒಬ್ಬರು ಒಳಗಿಳಿದು ನಿಲ್ಲುತ್ತಾರೆ. ಹೊರಗಿನವರು ತೆಕ್ಕೆ ತೆಕ್ಕೆ ಹತ್ತಿ ತಂದು ಅವರ ಕಾಲ ಬುಡಕ್ಕೆ ಸುರಿಯುತ್ತಾರೆ, ಒಳಗಿನವರು ತುಳಿಯುತ್ತಾರೆ. ಹತ್ತಿ ಮೇಲೇರಿದಂತೆ ತುಳಿಯುವವರೂ ಮೇಲೇರುತ್ತ ಬಂದು, ಕೊನೆಗೆ ಅಂಡಿಗೆಯ ಬಾಯಿಯಿಂದ ಹೊರಗೆ ಜಿಗಿಯುತ್ತಾರೆ. ಹತ್ತಿ ಬೆಳೆಯುವವರ ಮನೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಟವಿಲ್ಲ. ನಾನೂ ನನ್ನ ಅಪ್ಪನ ಕೈ ಹಿಡಿದು ತುಳಿದವಳೇ.

ಮರುದಿನ ಬೆಳಿಗ್ಗೆ, ಪ್ರತಿ ವರ್ಷ ತುಂಬಲು ಬರುವ ಆಳು ಬಂದಿದ್ದ. ಮಕ್ಕಳು ಅವನಿಗೆ ಕಾಕಾ ಎನ್ನುತ್ತಿದ್ದರು. ನನ್ನ ಗಂಡ ಅಂಡಿಗೆಯೊಳಗೆ ಇಳಿದರು. ಮಗಳು ತಾನೂ ಎಂದು ಹಟ ಹಿಡಿದಳು. ಕಾಕಾ ಅವಳನ್ನು ಎತ್ತಿ ಒಳಗೆ ಬಿಟ್ಟ. ಅವಳಪ್ಪ ಎರಡೂ ಕೈ ಹಿಡಿದು ನಿಂತರೆ ಅವಳು ಜಿಗಿದದ್ದೇ ಜಿಗಿದದ್ದು. ತಲೆ ಅಂಡಿಗೆಯ ಬಾಯಲ್ಲಿ ಕಾಣುವುದು, ಮುಳುಗುವುದು, ಮತ್ತೆ ಕಾಣುವುದು. ಕೂದಲು, ಹುಬ್ಬು, ಬಾಯಿ ಎಲ್ಲ ಹತ್ತಿ. ಕೆಳಗೆ ಚಾಪೆಯ ಮೇಲಿದ್ದ ತಮ್ಮ ಅವಳ ತಲೆ ಕಂಡಾಗಲೆಲ್ಲ ಕೇಕೆ ಹಾಕುತ್ತಿದ್ದ. ನಾನು ಮತ್ತು ಕಾಕಾ ರಾಶಿಯಿಂದ ತೆಕ್ಕೆಗಳನ್ನು ತಂದು ಸುರಿಯುತ್ತಿದ್ದೆವು. ಕಾಕಾ ಅವಳನ್ನು ಉಬ್ಬಿಸುತ್ತಿದ್ದ.

"ಅಪ್ಪಗಿಂತ ನಿನ್ನ ಕಾಲಾಗ ಭಾರ ಐತಿ ನೋಡವಾ. ಅಂಡಿಗಿ ಕಲ್ಲ ಆಗೇತಿ."

ಅವಳು ನಗುತ್ತ ಇನ್ನೂ ಜೋರಾಗಿ ಜಿಗಿದಳು. ಅವಳು ಹಾಗೆ ನಕ್ಕದ್ದನ್ನು ನಾನು ಆಮೇಲೆ ನೋಡಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಂಡಿಗೆಗಳು ತುಂಬಿ, ಬಾಯಿ ಹೊಲಿದು, ಪಡಸಾಲೆಯಲ್ಲಿ ಸಾಲಾಗಿ ನಿಂತವು. ಮಗಳು ದಣಿದು ಒಳಕೋಣೆಯಲ್ಲಿ ತಮ್ಮನ ಬಾಜೂ ಮಲಗಿಬಿಟ್ಟಳು. ಕಾಕಾ ಊಟ ಮಾಡಿ ಮನೆಗೆ ಹೋದ. ಮೂಲೆಯಲ್ಲಿ ಉಳಿದಿದ್ದ ಚೂರುಪಾರು ಹತ್ತಿಯನ್ನು ಕಸಬರಿಗೆಯಿಂದ ಎಳೆಯುತ್ತಿದ್ದೆ. ಒಂದು ಮರಿ ಹೊರಗೆ ಬಂತು. ಬದುಕಿತ್ತು. ಗೋಡೆಯ ಬಿರುಕಿಗೆ ಬೆನ್ನು ಹಚ್ಚಿ, ಬಾಯಿ ತೆರೆದು, ದನಿಯಿಲ್ಲದೆ ಕೂಗುತ್ತಿತ್ತು. ಅದನ್ನು ಕಂಡು ನನಗೆ ಒಂದು ಕ್ಷಣ ಖುಷಿಯೇ ಆಯಿತು. ಇಲ್ಲೇ ಇದ್ದೀಯಾ ಕಳ್ಳಿ ಎಂದು ಬಗ್ಗಿದೆ. ಬಗ್ಗಿದವಳಿಗೆ ಮೂರು ಮರಿಗಳಿದ್ದವಲ್ಲ ಎಂದು ನೆನಪಾಯಿತು.

ಅಷ್ಟರಲ್ಲಿ ಬೆಕ್ಕು ಬಂತು. ಮೂಲೆಗೆ ಹೋಗಿ ಮೂಸಿತು. ಉಳಿದ ಮರಿಯನ್ನು ನೆಕ್ಕಿತು. ಆಮೇಲೆ ಅಂಡಿಗೆಗಳ ಸುತ್ತ ತಿರುಗಿ ತಿರುಗಿ, ಒಂದರ ಮುಂದೆ ನಿಂತು ಗೋಣಿಯನ್ನು ಉಗುರಿನಿಂದ ಪರಚತೊಡಗಿತು. ಅದು ಕೂಗಿದ ಕೂಗು ಹಾಲಿಗೆ ಕೂಗುವ ಕೂಗಾಗಿರಲಿಲ್ಲ. ನನ್ನ ಗಂಡ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದವರು ನನ್ನ ಮುಖ ನೋಡಿದರು, ಬೆಕ್ಕನ್ನು ನೋಡಿದರು. ಚಾಕು ತಂದು ಹೊಲಿಗೆ ಕೊಯ್ದು ಅಂಡಿಗೆ ಉರುಳಿಸಿದರು. ತುಳಿದ ಹತ್ತಿ ಪದರ ಪದರವಾಗಿ ಬಿಟ್ಟುಕೊಂಡು ಬಂತು. ಅರ್ಧ ದಾಟಿದ ಮೇಲೆ ಎರಡೂ ಒಟ್ಟಿಗೇ ಸಿಕ್ಕವು. ಅವುಗಳ ಸುತ್ತಲಿನ ಹತ್ತಿ ಬೆಳ್ಳಗೇ ಇತ್ತು. ಮಲಗಿದಂತೆಯೇ ಇದ್ದವು ಎಂದು ಹೇಳಿ ನನಗೆ ನಾನೇ ಸಮಾಧಾನ ಮಾಡಿಕೊಳ್ಳಲಾರೆ. ಹಾಗೆ ಇರಲಿಲ್ಲ.

ನನ್ನ ತೆಕ್ಕೆಯಲ್ಲಿ ಹೋದವೋ, ಕಾಕಾನ ತೆಕ್ಕೆಯಲ್ಲಿ ಹೋದವೋ, ಯಾರಿಗೂ ಗೊತ್ತಿಲ್ಲ. ಅಷ್ಟು ಹತ್ತಿಯಲ್ಲಿ ಎರಡು ಹಿಡಿ ಜೀವದ ಭಾರ ತೋಳಿಗೆ ತಿಳಿಯುವುದೂ ಇಲ್ಲ. ಗಂಡ ಅವನ್ನು ಒಂದು ಹಳೆಯ ಅರಿವೆಯಲ್ಲಿ ಸುತ್ತಿ ಹಿತ್ತಲಿನಲ್ಲಿ ಹುಗಿದು ಬಂದರು. ಅತ್ತೆ ಕಂಬಕ್ಕೆ ಆನಿಸಿಕೊಂಡು ಕೂತರು. ಕೂಸಿಗೆ ಹೇಳಬೇಡಿರಿ ಎಂದರು. ನಾವು ಮತ್ತೆ ಹತ್ತಿ ತುಂಬಬೇಕಾಗಿತ್ತು. ಗಂಡ ಅಂಡಿಗೆಯೊಳಗೆ ಇಳಿದು ನಿಂತರು, ಕಾಲು ಎತ್ತಲಾಗಲಿಲ್ಲ. ಕೈಯಿಂದಲೇ ಒತ್ತಿ ಒತ್ತಿ ತುಂಬಿದೆವು. ಸಂಜೆ ಟೆಂಪೋ ಬಂದು ಎಲ್ಲವನ್ನೂ ಒಯ್ದಿತು.

ಮಗಳು ಎದ್ದು ಉಳಿದ ಮರಿಯನ್ನು ಕಂಡು ಕುಣಿದಳು. ಇನ್ನೆರಡು ಎಲ್ಲಿ ಎಂದಳು. ಅತ್ತೆ ತಮ್ಮ ಹಳೆಯ ಮಾತನ್ನೇ ಹೇಳಿದರು: ಒಂದನ್ನು ತಿರುಗಿಸಿ ತಂದಿದೆ, ಉಳಿದವು ಇನ್ನೂ ಏಳು ಮನೆ ಸುತ್ತುತ್ತಿವೆ. ನಂಬಿ ಹೇಳಿದಾಗ ಆ ಮಾತು ಎಷ್ಟು ಸರಾಗವಾಗಿ ಬಂದಿತ್ತೋ, ಸುಳ್ಳಾಗಿ ಹೇಳುವಾಗಲೂ ಅಷ್ಟೇ ಸರಾಗವಾಗಿ ಬಂತು. ನಾನು ಒಲೆಯ ಕಡೆ ಮುಖ ಮಾಡಿ ನಿಂತೆ.

ಇಷ್ಟಕ್ಕೆ ಮುಗಿಯುತ್ತದೆ ಎಂದುಕೊಂಡೆವು. ಆದರೆ ಏಳು ಮನೆ ಎಂದರೆ ಅವಳಿಗೆ ಲೆಕ್ಕ ಬರುತ್ತಿತ್ತು. ಅಂಗನವಾಡಿಯಲ್ಲಿ ಹತ್ತರವರೆಗೆ ಕಲಿಸಿದ್ದರು. ಮರುದಿನ ಓಣಿಯ ಒಂದೊಂದೇ ಹೊಸ್ತಿಲಿಗೆ ಹೋಗಿ ನಿಂತು, ನಮ್ಮ ಬೆಕ್ಕಿನ ಮರಿ ಬಂದಾವೇನ್ರಿ ಎಂದು ಕೇಳತೊಡಗಿದಳು. ಅಷ್ಟರಲ್ಲಿ ಸುದ್ದಿ ಓಣಿಗೆಲ್ಲ ತಿಳಿದಿತ್ತು. ಕೂಸಿಗೆ ಹೇಳಬೇಡಿರೆಂದು ನಾನೇ ಒಬ್ಬೊಬ್ಬರಿಗೂ ಹೇಳಿಟ್ಟಿದ್ದೆ. ಒಬ್ಬರು ನಿನ್ನೆ ಬಂದು ಹೋದವು ಎಂದರು. ಇನ್ನೊಬ್ಬರು ಹಾಲು ಕುಡಿದು ಹೋದವು ಎಂದರು. ಕೈಗೆ ಶೇಂಗಾ, ಬೆಲ್ಲ ಕೊಟ್ಟು ಕಳಿಸಿದರು. ಅವಳು ಪ್ರತಿ ಮನೆಯ ಸುದ್ದಿ ತಂದು ನನಗೆ ಒಪ್ಪಿಸುತ್ತಿದ್ದಳು. ಮರಿಗಳು ಎಲ್ಲೆಲ್ಲಿ ಏನೇನು ತಿಂದವು ಎಂದು ಅವಳು ಹೇಳುತ್ತಿದ್ದರೆ ನಾನು ಒಲೆಯ ಬೂದಿ ಕೆದಕುತ್ತ ಹೂಂಗುಟ್ಟುತ್ತಿದ್ದೆ. ಇಡೀ ಓಣಿ ಸೇರಿ ಒಂದು ಕೂಸಿಗೆ ಇಷ್ಟು ಪ್ರೀತಿಯಿಂದ ಸುಳ್ಳು ಹೇಳಿದ್ದನ್ನು ನಾನು ಎಲ್ಲೂ ಕಂಡಿಲ್ಲ.

ಆರು ಮನೆ ಮುಗಿಸಿ ಅವಳು ಒಂದು ಸಂಜೆ ಓಣಿಯ ತುದಿಗೆ ಹೋದಳು. ಬರುವಾಗ ಕೈಯಲ್ಲಿ ಕೆಂಪು ನೂಲಿನ ತುಂಡಿತ್ತು. ಮರಿ ಬಂದಿದ್ದವೇನೇ ಎಂದು ನಾನೇ ನಾಟಕದ ದನಿಯಲ್ಲಿ ಕೇಳಿದೆ. ಅವಳು ತಲೆಯಾಡಿಸಿ ಒಳಗೆ ಹೋದಳು. ಮತ್ತೆ ಯಾವ ಮನೆಗೂ ಹೋಗಲಿಲ್ಲ. ಅಂತೂ ಮರೆತಳು ಎಂದು ನಾನು ಉಸಿರು ಬಿಟ್ಟೆ.

ಆಮೇಲೆ ಅವಳ ನಡಿಗೆ ಬದಲಾಯಿತು. ಮನೆಯೊಳಗೆ ತುದಿಗಾಲಲ್ಲಿ ನಡೆಯತೊಡಗಿದಳು, ಅದೂ ಗೋಡೆ ಹಿಡಿದು. ಮುಳ್ಳು ಚುಚ್ಚಿದೆಯೇನೋ ಎಂದು ಅಂಗಾಲು ತಿರುವಿ ನೋಡಿದೆ, ಏನೂ ಇರಲಿಲ್ಲ. ಎಣ್ಣೆ ಹಚ್ಚಿ ತಿಕ್ಕಿದೆ. ಸೊಟ್ಟ ನಡೆದರೆ ಕಾಲು ಸೊಟ್ಟ ಆಗುತ್ತವೆ ಎಂದು ಬೈದೆ. ಇನ್ನೂ ವಿಚಿತ್ರವೆಂದರೆ ತಮ್ಮನನ್ನು ಎತ್ತಿಕೊಳ್ಳುವುದು ಬಿಟ್ಟಳು. ಅವನು ಕೈಚಾಚಿ ಅತ್ತರೂ ಮಂಚ ಏರಿ ಕೂಡುತ್ತಿದ್ದಳು. ಅವನು ನೆಲದ ಮೇಲೆ ಮಲಗಿದ್ದರೆ ಆ ಕೋಣೆಗೇ ಹೋಗುತ್ತಿರಲಿಲ್ಲ. ಮೊದಲೆಲ್ಲ ಇಳಿಸೇ ತಾಯಿ ಎಂದು ನಾನು ಒದರಬೇಕಿತ್ತು. ಈಗ ಎತ್ತಿಕೊಳ್ಳೇ ಎಂದು ಒದರಿದೆ.

ನನ್ನ ಗಂಡನಿಗೆ ಹೊಲದಿಂದ ಬಂದ ಮೇಲೆ ಬೆನ್ನು ತುಳಿಸಿಕೊಳ್ಳುವ ಅಭ್ಯಾಸ. ಪಡಸಾಲೆಯಲ್ಲಿ ಬೋರಲು ಮಲಗಿ ಮಗಳನ್ನು ಕರೆಯುತ್ತಾರೆ, ಅವಳು ಗೋಡೆ ಹಿಡಿದು ಬೆನ್ನ ಮೇಲೆ ಮೇಲಿಂದ ಕೆಳಕ್ಕೆ ಹೆಜ್ಜೆ ಇಡುತ್ತಾಳೆ. ಹತ್ತಿ ಹೋದ ಮೇಲೆ ಮೊದಲ ಸಲ ಕರೆದದ್ದು ಆಗಲೇ. ಅವಳು ಬಂದು ನಿಂತಳು. ಹತ್ತವ್ವಾ ಎಂದು ಇವರು ಮುಖ ತಿರುಗಿಸದೆ ಹೇಳಿದರು. ಅವಳು ಮೊದಲು ಕೈಯಿಂದ ಬೆನ್ನು ಮುಟ್ಟಿ ನೋಡಿದಳು. ಆಮೇಲೆ ಗೋಡೆಗೆ ಬೆನ್ನು ಹಚ್ಚಿ ಗಡಗಡ ನಡುಗತೊಡಗಿದಳು. ಜ್ವರ ಬಂದಿದೆಯೆಂದುಕೊಂಡು ಹೊದಿಸಿ ಮಲಗಿಸಿದೆ. ಮೈ ತಣ್ಣಗೇ ಇತ್ತು.

ತಿಳಿದದ್ದು ನಾನಿ ಬಂದಾಗ. ಅವರು ಅಣ್ಣಿಗೇರಿಯ ಮಗಳ ಮನೆಗೆ ಹೋಗಿದ್ದವರು ಹತ್ತಿ ಹೋದ ಮೇಲೆ ತಿರುಗಿ ಬಂದಿದ್ದರು. ಮರಿ ಸತ್ತ ಸುದ್ದಿ ಯಾರೋ ಹೇಳಿದ್ದರು, ಆದರೆ ನಾನು ಓಣಿಯವರಿಗೆಲ್ಲ ಹೇಳಿಟ್ಟ ಮಾತು ಅವರಿಗೆ ಮುಟ್ಟಿರಲಿಲ್ಲ. ಮಕ್ಕಳಿಗೆಂದು ಖರ್ಜೂರ ತಂದಿದ್ದರು. ಮಗಳು ಗೋಡೆ ಹಿಡಿದು ತುದಿಗಾಲಲ್ಲಿ ಒಳಗೆ ಹೋಗುವುದನ್ನು ನೋಡಿ, ಏನಾಗಿದೆ ಎಂದು ಕೇಳಿದರು. ನಾನು ಗೊತ್ತಿಲ್ಲ ಎಂದೆ. ನಾನಿಯ ಮುಖ ಇಳಿದುಹೋಯಿತು.

"ಅವತ್ತ ಬಂದು ಮರಿ ಬಂದಾವೇನ್ರಿ ನಾನಿ ಅಂತ ಕೇಳಿತವಾ. ಕೂಸಿಗೆ ಗೊತ್ತೈತಿ, ದುಃಖದಾಗ ಕೇಳಾಕತ್ತೈತಿ ಅಂತ ತಿಳಕೊಂಡೆ. ಅಳಬ್ಯಾಡ ಬೇಟಾ, ಅವು ಹತ್ತ್ಯಾಗ ಸಿಕ್ಕು ಅಲ್ಲಾನ ಹತ್ರ ಹೋದ್ವು ಅಂದೆ. ತೊಡಿ ಮ್ಯಾಲ ಕುಂದ್ರಿಸಿಕೊಂಡೇ ಅಂದೆನವಾ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಓಣಿಯಲ್ಲಿ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮಾತಾಡಿದವರು ಅವರೊಬ್ಬರೇ. ನಾವೆಲ್ಲ ಶೇಂಗಾ ಕೊಟ್ಟು ಮುಂದಿನ ಮನೆಗೆ ಸಾಗಹಾಕಿದ್ದೆವು. ನಾನಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಿಮ್ಮದೇನೂ ತಪ್ಪಿಲ್ಲರೀ ಎಂದು ಅವರ ಕೈ ಹಿಡಿದೆ.

ಆ ಸಂಜೆ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಹುಗಿದ ಜಾಗ ತೋರಿಸಿದೆ. ಯಾರೂ ಬೇಕೆಂದು ಮಾಡಿದ್ದಲ್ಲ, ಯಾರಿಗೂ ಗೊತ್ತಿರಲಿಲ್ಲ ಎಂದೆ. ಅವಳು ನೆಲ ನೋಡುತ್ತ ಕೇಳಿಸಿಕೊಂಡಳು. ಅಳಲಿಲ್ಲ. ಅವಳಪ್ಪನೂ ಬಂದು ಪಕ್ಕ ಕೂತರು. ಅವ್ವಾ, ತುಳಿದಾಂವ ನಾನು, ನೀ ಅಲ್ಲ ಎಂದರು. ಅವಳು ತನ್ನಪ್ಪನ ಕಾಲುಗಳನ್ನು ನೋಡಿದಳು.

"ಅಪ್ಪಾ, ನೀ ಸುಮ್ಮನ ನಿಂತಿದ್ದಿ. ಜಿಗಿದಾಕಿ ನಾ."

ನಿನ್ನದೇನು ಭಾರವೇ, ಹೂವಿನಷ್ಟು ಇದ್ದೀಯಾ ಎಂದೆ ನಾನು. ಕಾಕಾ ಹಂಗ ಅಂದಿಲ್ಲ ಎಂದಳು. ಅವನು ತಮಾಷೆಗೆ ಹೇಳಿದ್ದು ಎಂದರೆ, ಐದು ವರ್ಷದವಳಿಗೆ ತಮಾಷೆ ಯಾವುದು ನಿಜ ಯಾವುದು ಎಂದು ಹೇಗೆ ತಿಳಿಸುವುದು? ನಾವೇ ಅವಳಿಗೆ ಇಡೀ ಓಣಿ ತಿರುಗಿಸಿ ಸುಳ್ಳು ಹೇಳಿಸಿದವರು. ಈಗ ಖರೆ ಹೇಳಿದರೂ ಅದು ಅವಳ ಕಿವಿಗೆ ಇನ್ನೊಂದು ಶೇಂಗಾ ಬೆಲ್ಲದ ಹಾಗೇ ಕೇಳಿಸಿತು. ಕಾಕಾನನ್ನೇ ಕರೆಸಿದೆವು. ಅವನು ಅವಳ ಮುಂದೆ ಕೂತು, ನಾ ಸುಳ್ಳು ಹೇಳಿದ್ನವಾ ಎಂದು ಕಣ್ಣು ತುಂಬಿಕೊಂಡ. ಅವಳೇ ಅವನಿಗೆ ನೀರು ತಂದುಕೊಟ್ಟಳು, ತುದಿಗಾಲಲ್ಲಿ ನಡೆದು.

ಉಳಿದ ಮರಿ ಮನೆಯಲ್ಲೇ ಬೆಳೆಯುತ್ತಿತ್ತು. ಅದಕ್ಕೆ ಅವಳ ಕಾಲುಗಳೆಂದರೆ ಪ್ರಾಣ. ನಮ್ಮೆಲ್ಲರನ್ನೂ ಬಿಟ್ಟು ಓಡಿ ಹೋಗಿ ಅವಳ ಪಾದಕ್ಕೇ ಮೈ ತಿಕ್ಕುತ್ತಿತ್ತು. ಆಗ ಅವಳು ಇದ್ದಲ್ಲೇ ಕಂಬದಂತೆ ನಿಂತುಬಿಡುವಳು. ಕಾಲು ಎತ್ತುವಂತಿಲ್ಲ, ಇಡುವಂತಿಲ್ಲ. ಅವ್ವಾ, ಮರಿ ತಗೀ ಎಂದು ಮೆಲ್ಲಗೆ ಕರೆಯುವಳು. ನಾನು ಎಮ್ಮೆ ಹಿಂಡುತ್ತಿದ್ದರೆ, ನೀರಿಗೆ ಹೋಗಿದ್ದರೆ, ಅಲ್ಲಿಯತನಕ ಹಾಗೇ ನಿಂತಿರುವಳು. ಒಂದು ಸಲ ನಾನು ಸಂತೆಯಿಂದ ಬರುವಷ್ಟರಲ್ಲಿ ನಿಂತಲ್ಲೇ ಲಂಗ ಒದ್ದೆ ಮಾಡಿಕೊಂಡಿದ್ದಳು. ಮರಿ ಅವಳ ಎರಡು ಪಾದಗಳ ನಡುವೆ ಸುರುಳಿ ಸುತ್ತಿ ನಿದ್ದೆ ಹೋಗಿತ್ತು. ಅತ್ತೆ ಹಿತ್ತಲಿನಲ್ಲಿ ಕಾಳು ಹಸನು ಮಾಡುತ್ತಿದ್ದವರಿಗೆ ಅವಳ ದನಿ ಕೇಳಿಸಿಯೇ ಇರಲಿಲ್ಲ. ಆ ಮರಿಗೆ ಎಚ್ಚರವಾಗಬಾರದೆಂದು ಅವಳು ಜೋರಾಗಿ ಕೂಗಿರಲಿಲ್ಲ.

ಅಂದು ಅತ್ತೆ ಬೆಕ್ಕಿನ ಬಟ್ಟಲನ್ನು ಬೋರಲು ಹಾಕಿ, ತಾಯಿ ಮರಿ ಎರಡನ್ನೂ ಚೀಲದಲ್ಲಿ ಹಾಕಿ ದೂರ ಬಿಟ್ಟು ಬರುವಂತೆ ನನ್ನ ಗಂಡನಿಗೆ ಹೇಳಿದರು. ಅವರು ಒಪ್ಪಲಿಲ್ಲ. ಅದರ ಎರಡು ಮರಿ ತಿಂದದ್ದು ನಮ್ಮ ಮನೆ, ಉಳಿದದ್ದನ್ನೂ ಹೊರಗೆ ಹಾಕುವುದೇ ಎಂದರು. ರಾತ್ರಿಯ ರೊಟ್ಟಿಗೆ ಹಿಟ್ಟು ನಾದುತ್ತ, ಇಷ್ಟು ಸಣ್ಣ ಕೂಸಿನ ತಲೆಯೊಳಗೆ ಇಷ್ಟು ದೊಡ್ಡದನ್ನು ಹಾಕಿ ಕೂತೆವಲ್ಲ ಎಂದು ನಾನು ಅತ್ತುಬಿಟ್ಟೆ. ಹಿಟ್ಟು ತೆಳ್ಳಗಾಗಿ ಮತ್ತೆ ಹಿಟ್ಟು ಹಾಕಬೇಕಾಯಿತು.

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುತ್ತಾರೆ. ಈ ಸಲ ನಾನೂ ಹೋಗಿದ್ದೆ, ಮಗನಿಗೂ ತೂಕ ಮಾಡಿಸುವುದಿತ್ತು. ನನ್ನ ಒಳಗೆ ಬೇರೆ ಹೆದರಿಕೆ. ನಾಲ್ಕು ದಿನದಿಂದ ಅವಳು ಊಟ ಕಡಿಮೆ ಮಾಡಿದ್ದಳು. ಅರ್ಧ ರೊಟ್ಟಿ ತಿಂದು ತಾಟು ಸರಿಸುತ್ತಿದ್ದಳು. ಯಾಕೆಂದು ನನಗೆ ಗೊತ್ತಿತ್ತು, ಕೇಳುವ ಧೈರ್ಯವಿರಲಿಲ್ಲ. ತೂಕದ ಯಂತ್ರದ ಮೇಲೆ ಅವಳು ಹತ್ತಲಿಲ್ಲ. ಟೀಚರ್ ರಮಿಸಿ ಎತ್ತಿ ನಿಲ್ಲಿಸಿದರು. ಅವಳು ಕಣ್ಣು ಮುಚ್ಚಿ, ಉಸಿರು ಬಿಗಿ ಹಿಡಿದು ನಿಂತಳು. ಟೀಚರಿಗೆ ನಮ್ಮ ಮನೆಯ ಸುದ್ದಿ ಏನು ಗೊತ್ತು? ಬೆನ್ನು ತಟ್ಟಿ, ಶಾಣ್ಯಾ ಹುಡುಗಿ, ಹೋದ ತಿಂಗಳಿಗಿಂತ ತೂಕ ಏರೇತಿ ಎಂದು ಎಲ್ಲ ಮಕ್ಕಳ ಎದುರು ಚಪ್ಪಾಳೆ ಹೊಡೆಸಿದರು. ಯಾವ ತಾಯಿಗೂ ಖುಷಿ ಕೊಡಬೇಕಾದ ಮಾತು. ಅವಳ ಮುಖ ಸುಣ್ಣದಂತಾಯಿತು.

ಮನೆಗೆ ಬಂದೆವು. ಅವಳು ಹೊಸ್ತಿಲಲ್ಲಿ ನಿಂತಳು. ಒಳಗಿನಿಂದ ಮರಿ ಓಡಿ ಬರುವುದನ್ನು ಕಂಡು ಕಟ್ಟೆಯ ಮೇಲೆ ಹತ್ತಿ ಕುಳಿತಳು.

"ಅವ್ವಾ, ಮರೀನ ನಾನಿ ಮನ್ಯಾಗ ಕೊಟ್ಟು ಬಾ. ನಾ ಇನ್ನೂ ಭಾರ ಆಗಾಕತ್ತೀನಿ."

ಕೊಡುವುದು ಬೇಡ ಎಂದು ನಾನು ಹಟ ಮಾಡಲಿಲ್ಲ. ಆ ಮರಿಯ ಸಲುವಾಗಿ ದಿನಾ ನಿಂತಲ್ಲೇ ನಿಲ್ಲುವ ಅವಳನ್ನು ನೋಡುವುದು ನನ್ನಿಂದಲೂ ಆಗುತ್ತಿರಲಿಲ್ಲ. ಮಗನನ್ನು ಒಳಗೆ ಚಾಪೆಯ ಮೇಲೆ ಬಿಟ್ಟು, ಅತ್ತೆಗೆ ನೋಡಿಕೊಳ್ಳಲು ಹೇಳಿ, ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಓಣಿಯ ತುದಿಗೆ ನಡೆದೆ. ನಾನಿ ಮಗ್ಗ ನಿಲ್ಲಿಸಿ, ಕೈಚಾಚಿ ಇಸಿದುಕೊಂಡರು. ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದರು. ಹಿಂದೆಯೇ ಬಂದಿದ್ದ ತಾಯಿ ಬೆಕ್ಕು ಮಗ್ಗದ ಕೆಳಗೆ ಹೋಗಿ ಕೂತಿತು. ಇನ್ನಾದರೂ ಅವಳು ಮನೆಯಲ್ಲಿ ಕಾಲೂರಿ ನಡೆದಾಳು ಎಂಬ ಆಸೆಯಿಂದ ನಾನು ಬಿರಬಿರನೆ ಮನೆಗೆ ಬಂದೆ.

ಅವಳು ಕಟ್ಟೆಯ ಮೇಲೆಯೇ ಇದ್ದಳು. ಮಗ ಅಜ್ಜಿಯ ಕಣ್ಣು ತಪ್ಪಿಸಿ ಹೊಸ್ತಿಲ ತನಕ ತೆವಳಿಕೊಂಡು ಬಂದು, ಅಕ್ಕನ ಜೋತುಬಿದ್ದ ಲಂಗದ ಅಂಚು ಹಿಡಿದು ನಗುತ್ತಿದ್ದ. ಅವಳು ಎರಡೂ ಕಾಲನ್ನು ಮೇಲೆ ಮಡಚಿ, ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಕೊಟ್ಟು ಬಂದೆನವ್ವಾ," ಎಂದೆ. "ಇನ್ನ ಇಳಿ."

ಅವಳು ತಮ್ಮನನ್ನು ನೋಡಿದಳು. ಅವನನ್ನು ಎಷ್ಟು ಪ್ರೀತಿಯಿಂದ ನೋಡಿದಳೆಂದರೆ, ಎತ್ತಿಕೊಳ್ಳುತ್ತಾಳೆ ಎಂದೇ ನಾನು ತಿಳಿದೆ.

"ತಮ್ಮನ್ನೂ ಅಲ್ಲೇ ಕೊಟ್ಟು ಬಾ. ಇವನೂ ಸಣ್ಣಾಂವ ಅದಾನ. ದೊಡ್ಡಾಂವ ಆದಮ್ಯಾಲ ಕರಕೊಂಡು ಬರೂಣು."

ಅವಳು ಮುನಿಸಿನಿಂದ ಹೇಳಿದ್ದಲ್ಲ. ಎಲ್ಲ ಯೋಚಿಸಿ, ದೊಡ್ಡವರು ಒಂದು ಏರ್ಪಾಟು ಹೇಳುವಂತೆ ಹೇಳಿದಳು. ಮಗನನ್ನು ಅಲ್ಲಿಯೇ ಬಿಟ್ಟು ಅವಳನ್ನು ಎತ್ತಿಕೊಂಡೆ. ಐದು ವರ್ಷದ ಮಗುವನ್ನು ಎತ್ತಿ ಎಷ್ಟೋ ದಿನವಾಗಿತ್ತು. ಅವಳು ನನ್ನ ಕೊರಳು ತಬ್ಬಿ, ಎರಡೂ ಪಾದಗಳನ್ನು ನನ್ನ ಸೀರೆಯ ಮಡಿಕೆಯೊಳಗೆ ಸೇರಿಸಿಕೊಂಡಳು.

"ಇಳಸಬ್ಯಾಡವ್ವಾ," ಎಂದಳು.

ಒಳಗೆ ಎಮ್ಮೆ ಒದರುತ್ತಿತ್ತು, ಹಿಂಡುವ ಹೊತ್ತಾಗಿತ್ತು. ಮಗ ನನ್ನ ಕಾಲು ಹಿಡಿದು ಅಳತೊಡಗಿದ. ಅತ್ತೆ ಬಂದು ಅವನನ್ನು ಎತ್ತಿಕೊಂಡು ಹೋದರು. ನಾನು ಅವಳನ್ನು ಹೊತ್ತುಕೊಂಡು ಕತ್ತಲಾಗುವವರೆಗೂ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದೆ.